ನಲವತ್ತಕ್ಕೆ ಎಷ್ಟು?

ವಿಡಿಯೋ ಗೇಮ್ ಆಡುವುದಕ್ಕಿಂತ, ಆಡಿ ನೊಂದವರು ಬರೆದ ಬೈಗುಳ ಓದುವುದೇ ನನಗೆ ಹೆಚ್ಚು ಇಷ್ಟ. ಒಳ್ಳೆಯ ಆಟದ ವಿಮರ್ಶೆಗಳೆಲ್ಲ ಒಂದೇ ಥರ. ಎರಡು ಓದಿದರೆ ಮೂರನೆಯದನ್ನು ನಾವೇ ಬರೆಯಬಹುದು. ಕೆಟ್ಟ ಆಟದ್ದು ಹಾಗಲ್ಲ. ಅಲ್ಲಿ ವಿಮರ್ಶಕ ನಿದ್ದೆಗೆಟ್ಟಿರುತ್ತಾನೆ, ಊಟ ಬಿಟ್ಟಿರುತ್ತಾನೆ, ಈ ಕೆಲಸ ಹಚ್ಚಿದ ಸಂಪಾದಕನ ಮೇಲೆ ಹಲ್ಲು ಮಸೆಯುತ್ತಿರುತ್ತಾನೆ. ಗದ್ಯಕ್ಕೆ ಕಳೆ ಬರಲು ಇನ್ನೇನು ಬೇಕು?

1999ರಲ್ಲಿ ನಿಂಟೆಂಡೊ 64ಕ್ಕೆ ಸೂಪರ್‌ಮ್ಯಾನ್ ಆಟ ಬಂತು. ಬೆಟ್ಟವನ್ನೇ ಎತ್ತಬಲ್ಲ ಆ ಪುಣ್ಯಾತ್ಮನಿಗೆ ಅದರಲ್ಲಿ ಕೊಟ್ಟ ಮುಖ್ಯ ಕೆಲಸವೆಂದರೆ ಗಾಳಿಯಲ್ಲಿ ತೇಲುವ ಬಳೆಗಳೊಳಗೆ ತೂರಿಕೊಂಡು ಹೋಗುವುದು. ಒಂದು ಬಳೆ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಊರ ತುಂಬ ಮಂಜು. ದೂರದ ಕಟ್ಟಡಗಳನ್ನು ಬಿಡಿಸಿ ತೋರಿಸುವ ತ್ರಾಣ ಆಟಕ್ಕಿರಲಿಲ್ಲ. ಅದಕ್ಕೆ ಮಂಜು ಕವಿಸಿ, ಇದು ಖಳನಾಯಕ ಹರಡಿದ ಕ್ರಿಪ್ಟೊನೈಟ್ ಮಂಜು ಎಂದು ಕಥೆಗೇ ಸೇರಿಸಿಬಿಟ್ಟರು. ನಮ್ಮ ಯಾವ ರಸ್ತೆ ಗುತ್ತಿಗೆದಾರನಿಗೂ ಇಂಥ ಸಮಜಾಯಿಷಿ ಇನ್ನೂ ಹೊಳೆದಿಲ್ಲ. ವಿಮರ್ಶಕರು ಕೈಗೆ ಸಿಕ್ಕಿದ್ದರಲ್ಲಿ ಬಾರಿಸಿದರು. ನಾನು ಆ ಆಟ ಆಡಿಲ್ಲ. ವಿಮರ್ಶೆಗಳನ್ನು ಮಾತ್ರ ಒಂದೂ ಬಿಟ್ಟಿಲ್ಲ.

2010ರಲ್ಲಿ ಬಂದ ‘ಡೆಡ್ಲಿ ಪ್ರೆಮೊನಿಶನ್’ಗೆ ಒಬ್ಬ ವಿಮರ್ಶಕ ಹತ್ತಕ್ಕೆ ಎರಡು ಕೊಟ್ಟ, ಇನ್ನೊಬ್ಬ ಹತ್ತಕ್ಕೆ ಹತ್ತು ಕೊಟ್ಟ. ಗಿನ್ನೆಸ್‌ನವರು ಈ ಭಿನ್ನಮತಕ್ಕೇ ಒಂದು ದಾಖಲೆಯ ಪಟ್ಟ ಕಟ್ಟಿದರು. 2006ರಲ್ಲಿ ‘ಜೆಲ್ಡಾ’ ಮಾಲಿಕೆಯ ‘ಟ್ವೈಲೈಟ್ ಪ್ರಿನ್ಸೆಸ್’ಗೆ ಒಂದು ಕಡೆ 8.8 ಬಂತೆಂದು ಅಭಿಮಾನಿಗಳು ರಂಪ ಎಬ್ಬಿಸಿದರು. ಕಡಿಮೆಯಾಯಿತಂತೆ! ನನಗೆ ಯಾವ ವಿಷಯದಲ್ಲೂ 88 ಬಂದದ್ದಿಲ್ಲ. ಬಂದಿದ್ದರೆ ನಮ್ಮಪ್ಪ ಬೀದಿಗೆಲ್ಲ ಪೇಡ ಹಂಚುತ್ತಿದ್ದರು.

ಈ ಅಂಕಶಾಸ್ತ್ರಕ್ಕೆಲ್ಲ ಸುಪ್ರೀಂ ಕೋರ್ಟು ಜಪಾನಿನ ‘ಫ್ಯಾಮಿತ್ಸು’ ಪತ್ರಿಕೆ. ಅಲ್ಲಿ ಒಂದೊಂದು ಆಟಕ್ಕೂ ನಾಲ್ವರು ವಿಮರ್ಶಕರು, ತಲಾ ಹತ್ತು, ಒಟ್ಟು ನಲವತ್ತು. 1986ರಲ್ಲಿ ಶುರುವಾದ ಈ ಪತ್ರಿಕೆಯಲ್ಲಿ ನಲವತ್ತಕ್ಕೆ ನಲವತ್ತು ಮೊದಲ ಸಲ ಬಂದದ್ದು 1998ರಲ್ಲಿ, ‘ಒಕರಿನಾ ಆಫ್ ಟೈಮ್’ಗೆ. ಅಲ್ಲಿಯವರೆಗೆ ಯಾವ ಆಟಕ್ಕೂ ಪೂರ್ತಿ ಅಂಕ ಬಿಚ್ಚದ ಆ ಜಿಪುಣತನದ ಮೇಲೆ ನನಗೆ ಭಕ್ತಿ. ಜೀವಮಾನದಲ್ಲಿ ಒಮ್ಮೆಯಾದರೂ ಆ ನಾಲ್ಕು ಕುರ್ಚಿಗಳಲ್ಲೊಂದರಲ್ಲಿ ಕೂರಬೇಕೆಂಬ ಆಸೆ ನಲವತ್ತು ದಾಟಿದ ಗಂಡಸಿಗೆ ಶೋಭಿಸುವುದಿಲ್ಲ. ಇತ್ತು, ಅಷ್ಟೆ.

ಅದಕ್ಕೆ ಅವಕಾಶ ಸಿಕ್ಕಿದ್ದು ಅಮ್ಮನನ್ನು ಕರೆದುಕೊಂಡು ಟೋಕಿಯೋದಲ್ಲಿರುವ ಅಕ್ಕನ ಮನೆಗೆ ಹೋದಾಗ. ನಿಶಿ ಕಸಾಯ್‌ನಲ್ಲಿ ಮನೆ. ಸುತ್ತಮುತ್ತ ನಮ್ಮ ಸಾಫ್ಟ್‌ವೇರ್ ಮಂದಿಯೇ. ಅಕ್ಕನ ಮಗನನ್ನು ಪುಸಲಾಯಿಸಿ ಅಕಿಹಾಬಾರಕ್ಕೆ ಕರೆದೊಯ್ದೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ನಿಂಟೆಂಡೊದ ಹಳೆಯ ಆಟದ ಪೆಟ್ಟಿಗೆ, ಒಂದು ಫ್ಯಾಮಿಕಾಂ ಸಿಕ್ಕಿತು, ಜೊತೆಗೆ ನಾನು ಹುಡುಕುತ್ತಿದ್ದ ಕ್ಯಾಸೆಟ್ಟು: ‘ತಾಕೇಶಿ ನೊ ಚೋಸೆನ್‌ಜೋ’. 1986ರದು. ಮುಂದೆ 1997ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಗೆದ್ದ ನಿರ್ದೇಶಕ ತಾಕೇಶಿ ಕಿಟಾನೊ ಹಾಸ್ಯನಟನಾಗಿದ್ದ ಕಾಲದಲ್ಲಿ ತಲೆ ಕೊಟ್ಟು ಮಾಡಿಸಿದ ಆಟ. ಜಪಾನಿನ ಕೆಟ್ಟ ಆಟಗಳ ಯಾವ ಪಟ್ಟಿ ತೆಗೆದರೂ ಸಿಂಹಾಸನ ಇದಕ್ಕೇ.

ಆಟದ ನಾಯಕ ಒಬ್ಬ ಆಫೀಸು ಗುಮಾಸ್ತ. ಅವನು ಮೊದಲು ಕೆಲಸ ಬಿಡಬೇಕು, ಹೆಂಡತಿಗೆ ವಿಚ್ಛೇದನ ಕೊಡಬೇಕು, ಬಾರಿನಲ್ಲಿ ಹಾಡಬೇಕು. ಹಾಡುವುದು ನಾವೇ, ಎರಡನೇ ಕಂಟ್ರೋಲರಿನಲ್ಲಿರುವ ಮೈಕಿಗೆ. ಅಮ್ಮ ಒಂದು ದೇವರನಾಮ ಹೇಳಿದರು. ಆ ಮೈಕಿಗೆ ಭಾಷೆ ಬೇಕಿಲ್ಲ, ಸದ್ದು ಸಾಕು, ಒಪ್ಪಿಕೊಂಡಿತು. ಕೊನೆಗೆ ಒಬ್ಬ ಮುದುಕ ನಿಧಿಯ ನಕ್ಷೆ ಕೊಟ್ಟ. ನೋಡಿದರೆ ಖಾಲಿ ಹಾಳೆ. ಅದನ್ನು ಬಿಸಿಲಿಗೆ ಹಿಡಿಯಬೇಕು. ಎಷ್ಟು ಹೊತ್ತು? ಒಂದು ಗಂಟೆ. ಆಟದ ಗಂಟೆಯಲ್ಲ, ಗೋಡೆ ಗಡಿಯಾರದ ಗಂಟೆ. ಅಷ್ಟೂ ಹೊತ್ತು ಒಂದು ಗುಂಡಿಯನ್ನೂ ಒತ್ತುವ ಹಾಗಿಲ್ಲ.

‘ಯಾರೂ ಮುಟ್ಟಬಾರದು’ ಎಂಬ ಮಾತನ್ನು ಅಕ್ಕನ ಮಗ ಜಪಾನಿಯಿಂದ ಕನ್ನಡಕ್ಕೆ ತಂದಾಗ, ಮನೆಯಲ್ಲಿ ಅದು ಪೂರ್ತಿ ಅರ್ಥವಾದದ್ದು ಅಮ್ಮನಿಗೆ ಒಬ್ಬರಿಗೇ. ಎಪ್ಪತ್ತು ವರ್ಷ ಮಡಿ ಮಾಡಿದ ಜೀವ.

“ಹಾಗೆ ಹೇಳು ಮತ್ತೆ. ರಿಮೋಟು ಮಡೀಲಿದೆ” ಎಂದರು. ಕಂಟ್ರೋಲರಿಗೆ ಅವರಿಟ್ಟ ಹೆಸರು ರಿಮೋಟು. ಆ ಕ್ಷಣದಿಂದ ಯಜಮಾನಿಕೆ ಅವರದ್ದು.

ಚಳಿಗಾಲ. ಜಪಾನಿನ ಮನೆಗಳಲ್ಲಿ ಕೊತಾತ್ಸು ಎಂದು ಒಂದು ಕುಳ್ಳು ಮೇಜಿರುತ್ತದೆ; ಅಡಿಯಲ್ಲಿ ಹೀಟರು, ಸುತ್ತ ರಜಾಯಿ, ಮನೆಮಂದಿಯೆಲ್ಲ ಅದರೊಳಗೆ ಕಾಲು ತೂರಿಸಿ ಕೂರುವುದು. ಮೇಜಿನ ಮೇಲೆ ರಿಮೋಟು, ಕೆಳಗೆ ಐದು ಜನರ ಹತ್ತು ಕಾಲು. ಒಬ್ಬರು ಮಂಡಿ ಎತ್ತಿದರೂ ಲೋಕ ಮುಳುಗೀತು. ಅಮ್ಮ ಡಬ್ಬಿಯಿಂದ ಅಕ್ಕಿ ಹಿಟ್ಟು ತಂದು ರಿಮೋಟಿನ ಸುತ್ತ ಗೆರೆ ಎಳೆದರು. ಅಕ್ಕ ತನ್ನ ಮೇಜಿನ ಬಗ್ಗೆ ಏನೋ ಹೇಳಹೊರಟಳು. ಅಮ್ಮ ನೋಡಿದ ನೋಟಕ್ಕೆ ಸುಮ್ಮನಾದಳು. ಭಾವನ ಮೊಬೈಲು ಮೇಜಿನ ಮೇಲೆ ಗುರ್ರೆಂದಿತು. ಅದನ್ನು ಗಡಿಪಾರು ಮಾಡಲಾಯಿತು. ನನಗೆ ಮೂಗು ತುರಿಸಿತು. ಮೂಗಿಗೂ ರಿಮೋಟಿಗೂ ಏನು ಸಂಬಂಧ ಎಂದರೆ, “ಕೈ ಎತ್ತಿದರೆ ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು? ಚಿಕ್ಕಂದಿನಿಂದ ನೋಡಿದೀನಿ ನಿನ್ನ ಕೈಯನ್ನ.” ನಕ್ಷೆ ಮೂಡಿತೇ ಎಂದು ನಾನು ಪದೇ ಪದೇ ಟೀವಿಗೆ ಬಗ್ಗುವುದೂ ಅವರಿಗೆ ಸರಿಬೀಳಲಿಲ್ಲ. “ಹೆಪ್ಪು ಹಾಕಿದ ಪಾತ್ರೆ ಮುಚ್ಚಳ ಘಳಿಗೆಗೊಮ್ಮೆ ತೆಗೆದರೆ ಮೊಸರಾಗುತ್ತೇನೋ?”

ಹೊತ್ತು ಹೋಗಲೆಂದು ನಾನು ಹರಿಕಥೆ ಶುರುಮಾಡಿದೆ. ಕೆಟ್ಟ ಆಟಗಳ ಆದಿಪುರಾಣ: 1982, ಅಟಾರಿ ಕಂಪನಿ, ‘ಇ.ಟಿ.’ ಸಿನಿಮಾದ ಆಟ. ಕ್ರಿಸ್‌ಮಸ್‌ಗೆ ಅಂಗಡಿ ಸೇರಲೇಬೇಕೆಂದು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬನೇ ಪ್ರೋಗ್ರಾಮರಿಗೆ ಕೊಟ್ಟ ಗಡುವು ಐದು ವಾರ. ಆಟದ ತುಂಬ ಗುಂಡಿಗಳು, ಇ.ಟಿ. ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಮಾರಾಟವಾಗದ ರಾಶಿಯನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿದರು. 2014ರಲ್ಲಿ ಅಗೆದು ತೆಗೆದರು. ಅದರಲ್ಲೊಂದು ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿತು. ಇಷ್ಟನ್ನೂ ನಾನು ಬೀಳುವುದು ಏಳುವುದನ್ನೆಲ್ಲ ಮುಖದಲ್ಲೇ ಅಭಿನಯಿಸಿ ಹೇಳಿದೆ, ಕೈ ಎತ್ತುವ ಹಾಗಿರಲಿಲ್ಲವಲ್ಲ.

ಯಾರೂ ನಗಲಿಲ್ಲ. ಅಮ್ಮ ಕೇಳಿದರು: “ಐದು ವಾರದಲ್ಲಿ ಮಾಡು ಅಂದನಲ್ಲ, ಅವನ ಹೆಸರೇನು?”

“ಅದು... ಕಂಪನಿ, ಅಮ್ಮ.”

“ಬೈಸಿಕೊಂಡವನ ಹೆಸರು ಮಾತ್ರ ಪೂರ್ತಿ ಬಾಯಿಪಾಠ.”

ಇಂಥವೇ ಗಡುವುಗಳನ್ನು ಹಾಕಿ ಸಂಬಳ ಪಡೆಯುವ ಭಾವ ಖಾಲಿ ನಕ್ಷೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅಮ್ಮನ ಮಾತು ತಪ್ಪಲ್ಲ. ಅದೇ ವಾರ್ಷಾ ಅದಕ್ಕೂ ಮುಂಚೆ ‘ಯಾರ್ಸ್ ರಿವೆಂಜ್’ ಎಂಬ ಆಟ ಮಾಡಿ ಕಂಪನಿಗೆ ಹೆಸರು ತಂದಿದ್ದ. ಅದನ್ನು ಕೆಟ್ಟ ಆಟಗಳ ಪಟ್ಟಿ ಬರೆಯುವವರು ಹೇಳುವುದಿಲ್ಲ. (ಆತ ಆಮೇಲೆ ಸಿಲಿಕಾನ್ ವ್ಯಾಲಿಯಲ್ಲಿ ಮನೋಚಿಕಿತ್ಸಕನಾದ. ಅಲ್ಲಿ ಗಿರಾಕಿಗಳಿಗೆ ಬರವಿರಲಾರದು.) 2010ರ ‘ಫಾಲೌಟ್: ನ್ಯೂ ವೇಗಸ್’ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಎಲ್ಲ ವಿಮರ್ಶೆಗಳನ್ನು ಅರೆದು ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ, ಆಟ ಕಟ್ಟಿದ ಅಬ್ಸಿಡಿಯನ್ ಕಂಪನಿಗೆ ಬೋನಸ್ ಎಂದು ಕರಾರು. ಬಂದದ್ದು 84. ಎಲ್ಲೋ ಕೆಲವು ವಿಮರ್ಶಕರು ಬೆಳಗಿನ ಕಾಫಿ ತಣ್ಣಗಿತ್ತೆಂದು ಅರ್ಧರ್ಧ ಅಂಕ ಹಿಡಿದುಕೊಂಡಿದ್ದರೂ ಸಾಕು, ಅಷ್ಟು ಜನರ ಬೋನಸ್ಸು ಹೋಯಿತು. ನಮ್ಮ ಎಸ್ಸೆಸ್ಸೆಲ್ಸಿಯಲ್ಲಾದರೂ 34ಕ್ಕೆ ನಿಂತವನನ್ನು ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸುತ್ತಿದ್ದರು. ಇಲ್ಲಿ ಸರಾಸರಿಗೆ ಕರುಣೆ ಇಲ್ಲ. ಅದಕ್ಕೆ ಮುಖವೇ ಇಲ್ಲ.

“ಈ ಅಂಕ ಕೊಡೋರಿಗೆ ಸಂಬಳ ಉಂಟಾ?” ಅಮ್ಮ ಕೇಳಿದರು.

“ಉಂಟು.”

“ಆಟ ಆಡೋಕೂ ದುಡ್ಡು, ಬೈಯೋಕೂ ದುಡ್ಡು. ಹತ್ತು ಕೊಡೋಕೇನು ದಾಡಿ?”

ಗಂಟೆ ಮುಗಿಯಲು ಇನ್ನೇನು ಬಂತು ಅನ್ನುವಷ್ಟರಲ್ಲಿ ಲೋಟಗಳು ಕಿಣಿಕಿಣಿ ಎಂದವು. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ಕರೆಂಟು ಹೋಗಿ ಎಲ್ಲರೂ ಪಾರಾಗುತ್ತಿದ್ದೆವು. ಟೋಕಿಯೋದಲ್ಲಿ ಕರೆಂಟು ಹೋಗುವುದಿಲ್ಲ, ನೆಲ ನಡುಗುತ್ತದೆ. ಸಣ್ಣದೇ, ಆದರೂ ಭೂಕಂಪ ಭೂಕಂಪವೇ. ಶಾಲೆಯಲ್ಲಿ ಕಲಿಸಿದಂತೆ ಅಕ್ಕನ ಮಗ ಮೇಜಿನಡಿ ನುಗ್ಗಿದ. ಅವನ ಹಿಂದೆ ಅಕ್ಕ. ಭಾವನ ಅರ್ಧ ಭಾಗ. ಮೇಲೆ ರಿಮೋಟು ಹಿಟ್ಟಿನ ಗೆರೆಯ ಕಡೆ ಮೆಲ್ಲಗೆ ಜಾರತೊಡಗಿತು. ನಾನು ಹಿಡಿಯಲು ಕೈ ಚಾಚಿದೆ.

“ಮುಟ್ಟಬೇಡ!” ಅಮ್ಮನ ಕೂಗಿಗೆ ನೆಲವೂ ಒಂದು ಕ್ಷಣ ತಡೆಯಿತೆಂದು ನನ್ನ ನಂಬಿಕೆ. ಮನೆ ಅಲುಗುತ್ತಿದೆ, ದೀಪ ತೂಗುತ್ತಿದೆ, ಎಂಬತ್ತರ ಹತ್ತಿರದ ಹೆಂಗಸು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಪ್ಲಾಸ್ಟಿಕ್ ತುಂಡಿಗೆ ಕಾವಲು ನಿಂತಿದ್ದಾರೆ. ರಿಮೋಟು ಗೆರೆಯ ಅಂಚಿಗೆ ಬಂದು ನಿಂತಿತು. ನೆಲವೂ ನಿಂತಿತು. ಆಮೇಲೆ ನಕ್ಷೆ ಮೂಡಿತು.

ಅಂಕ ಕೊಡುವ ಹೊತ್ತು. ಅಕ್ಕನ ಮಗ ಒಂದು ಕೊಟ್ಟ; ಕೊನೆಯವರೆಗೆ ಆಡಿ ಕಾದು ಕೂತರೆ, ಇಂಥ ಆಟವನ್ನು ಇಷ್ಟು ಗಂಭೀರವಾಗಿ ಹಚ್ಚಿಕೊಂಡೆಯಲ್ಲಪ್ಪ ಎಂದು ತಾಕೇಶಿಯೇ ಹಂಗಿಸುತ್ತಾನೆಂದು ಅವನಿಗೆ ಮೊದಲೇ ಗೊತ್ತಿತ್ತಂತೆ, ಹೇಳಿರಲಿಲ್ಲ. ಅಕ್ಕ ಮೂರು. ಭಾವ ಆರು, ಅವರು ಆಫೀಸಿನಲ್ಲೂ ಯಾರಿಗೂ ಆರಕ್ಕಿಂತ ಹೆಚ್ಚು ಕಡಿಮೆ ಕೊಟ್ಟವರಲ್ಲ. ಅಮ್ಮ ಹತ್ತು. ಒಟ್ಟು ಇಪ್ಪತ್ತು.

“ನನ್ನದು?” ಎಂದೆ.

“ಫ್ಯಾಮಿತ್ಸುನಲ್ಲಿ ನಾಲ್ಕೇ ಜನ, ಮಾಮ” ಎಂದ ಅಕ್ಕನ ಮಗ. ಕುರ್ಚಿಗಳು ಭರ್ತಿ. ಅಷ್ಟಕ್ಕೇ ನಿಲ್ಲಿಸದೆ, ಅದೇ ಕೈಯಲ್ಲಿ ಆಡಿಸಿದವನಿಗೂ ಅಂಕ ಕೊಟ್ಟುಬಿಡೋಣ ಎಂದು ಭಾವ ಸೂಚಿಸಿದರು. ಅಕ್ಕನ ಮಗ ಎರಡು, ಅಕ್ಕ ಎರಡು, ಭಾವ ಐದು, ಹೆತ್ತ ತಾಯಿ ನಾಲ್ಕು. ನಲವತ್ತಕ್ಕೆ ಹದಿಮೂರು.

ನಾನು ಲೆಕ್ಕ ಹಾಕಿದೆ. ನಮ್ಮ ಕಾಲದ ನೂರಕ್ಕೆ ಮೂವತ್ತೈದರ ಪ್ರಕಾರ ನಲವತ್ತಕ್ಕೆ ಪಾಸಾಗಲು ಹದಿನಾಲ್ಕು. ಒಂದೇ ಒಂದು ಅಂಕ! ಭೂಕಂಪದಲ್ಲಿ ಕೈ ಚಾಚಿದ್ದಕ್ಕೆ ಎರಡು ಕಳೆದೆ ಎಂದರು ಅಮ್ಮ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ್ದೇನೆ. ಅದಕ್ಕೆ ಮೊದಲು ಮೇಜಿನ ಮೇಲಿನ ಅಕ್ಕಿ ಹಿಟ್ಟು ಒರೆಸಬೇಕಂತೆ.