ನಾಳೆಯ ಪ್ಲ್ಯಾನು

ಮುಂದೆ ಏನೇನಾಗುತ್ತದೆ ಎಂಬುದನ್ನು ನಾನೂರು–ಐನೂರು ವರ್ಷ ಮೊದಲೇ ಹೇಳಿ ಮುಗಿಸಿದ ಊರು ಕೊಡೇಕಲ್. ಕೊಡೇಕಲ್ ಬಸವಣ್ಣನ ಕಾಲಜ್ಞಾನದ ಮಾತು ಬಂದರೆ ಇಲ್ಲಿಯ ಹಿರಿಯರು ಈಗಲೂ ದನಿ ತಗ್ಗಿಸುತ್ತಾರೆ. ಅಂಥ ಊರಿನ ಅತಿಥಿಗೃಹದ ಜಗುಲಿಯಲ್ಲಿ ಕೂತು ನನ್ನ ಭಾಮೈದ, ನಾಳೆ ಬೆಳಿಗ್ಗೆ ಎಂಟೂಕಾಲಿಗೆ ನಾವು ಎಲ್ಲಿರುತ್ತೇವೆ ಎಂದು ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದ. ಧೈರ್ಯ ಮೆಚ್ಚಬೇಕು.

ಅವನ ಲೆಕ್ಕದಲ್ಲಿ ಎಂಟೂಕಾಲಿಗೆ ನಾರಾಯಣಪುರದ ಬಸವಸಾಗರ ಡ್ಯಾಮು, ಹತ್ತಕ್ಕೆ ಛಾಯಾ ಭಗವತಿಯ ಗುಡಿ, ಹನ್ನೊಂದೂವರೆಗೆ ರಾಜನಕೋಳೂರು, ಊಟ ‘ದಾರಿಯಲ್ಲಿ’, ಆಮೇಲೆ ಸುರಪುರದ ಕೋಟೆ, ಸೂರ್ಯಾಸ್ತಕ್ಕೆ ಬೋನಾಳ ಕೆರೆಯ ಹಕ್ಕಿಗಳು. ಹಕ್ಕಿಗಳಿಗೂ ಹೊತ್ತು ಗೊತ್ತುಮಾಡಿಬಿಟ್ಟಿದ್ದ.

ಅತಿಥಿಗೃಹ ನೋಡಿಕೊಳ್ಳುವ ಕಾಕಾ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ: “ಇದ್ರಾಗ ರೊಟ್ಟಿ ಎಲ್ಲಿ ಅದ್ರಿ?”

ಪ್ರವಾಸಿ ತಾಣಗಳ ಬಗ್ಗೆ ಕಾಕಾನ ನಿಲುವು ಸ್ಪಷ್ಟ. ಎಲ್ಲ ಜಾಗವೂ ಚೆಲೋ, ಆದರೆ ಈಗಲ್ಲ. “ಡ್ಯಾಮ್ ನೋಡ್ಲಾಕ ಈಗ್ಯಾಕ ಹೋಗ್ತೀರಿ ಸಾಹೇಬ್ರ? ಮಹಾರಾಷ್ಟ್ರದಾಗ ಮಳಿ ಹತ್ತಬೇಕು, ಇಲ್ಲಿ ಗೇಟ್ ತೆಗೀಬೇಕು, ಅವಾಗ ನೋಡ್ರಿ ಮಜಾ.” ಮಾತು ಸುಳ್ಳಲ್ಲ. ಕೃಷ್ಣೆಗೆ ನೀರು ಬರುವುದು ಸಹ್ಯಾದ್ರಿಯ ಆ ತುದಿಯಿಂದ. ಇಲ್ಲಿ ಹನಿ ಮಳೆ ಇಲ್ಲದ ದಿನವೂ ಹೊಳೆ ತುಂಬಿ ಛಾಯಾ ಭಗವತಿಯ ಮೆಟ್ಟಿಲು ಮುಳುಗುತ್ತವೆ. “ಹಂಗಾರ ಮಳೆಗಾಲದಲ್ಲಿ ಗುಡಿಗೆ ಹೋಗಬಹುದಾ?” ಎಂದು ನನ್ನ ಹೆಂಡತಿ ಕೇಳಿದಳು. “ಅವಾಗ ಎಲ್ಲಿ ಹೋಗ್ತೀರಿ ಅಕ್ಕಾರ, ನೀರು ಬಂದಿರ್ತದಲ್ಲ!” ಡ್ಯಾಮಿಗೆ ಹೊಳೆ ತುಂಬಿರಬೇಕು, ಗುಡಿಗೆ ಇಳಿದಿರಬೇಕು. ಎರಡನ್ನೂ ಒಂದೇ ಗೆರೆಯಲ್ಲಿ ಪೋಣಿಸಿದ್ದ ಭಾಮೈದ ಪೆನ್ನಿನ ತುದಿ ಕಚ್ಚಿದ. ತಿಂಥಣಿಯ ಮೌನೇಶ್ವರನಿಗೂ ಇದೇ ನ್ಯಾಯ: “ಜಾತ್ರ್ಯಾಗ ಬರ್ರಿ.” ಹಾಗಾದರೆ ಜನಜಂಗುಳಿ ಇರುವುದಿಲ್ಲವೇ ಎಂದರೆ, “ಜನಾನೇ ಇಲ್ಲಂದ್ರ ಏನ್ ನೋಡ್ತೀರಿ?”

ಇಂಥ ಅಡ್ಡಿಗಳಿಲ್ಲದೆ ಈ ಸೀಮೆ ಸುತ್ತಿದವನೆಂದರೆ ಮೆಡೋಸ್ ಟೇಲರ್ ಸಾಹೇಬ. 1841ರಿಂದ 1853ರವರೆಗೆ, ದೊರೆ ಇನ್ನೂ ಹುಡುಗನಾಗಿದ್ದಾಗ, ಸುರಪುರ ಸಂಸ್ಥಾನದ ಕಾರುಬಾರು ಅವನ ಕೈಯಲ್ಲಿತ್ತು. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡ. ಅದು ಈಗಲೂ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿದೆ. ಅಲ್ಲಿಂದ ಹೊರಟು ಕಲ್ಲು ಕಲ್ಲನ್ನೂ ಮಾತಾಡಿಸಿ ಟಿಪ್ಪಣಿ ಬರೆದ. ಕಾರುಬಾರು ನೋಡಿಕೊಳ್ಳುವ ಸಾಹೇಬನಿಗೆ “ಈಗ್ಯಾಕ ಹೋಗ್ತೀರಿ” ಎಂದು ಹೇಳುವ ಕಾಕಾ ಯಾರೂ ಇದ್ದಿರಲಾರ. ಅವನು ಓದಿಸಿ ಬೆಳೆಸಿದ ಅದೇ ಹುಡುಗ, ರಾಜಾ ವೆಂಕಟಪ್ಪ ನಾಯಕ, 1858ರಲ್ಲಿ ಕಂಪನಿಯ ವಿರುದ್ಧ ಎದ್ದು ನಿಂತ. ಟೇಲರನ ಪ್ಲ್ಯಾನೂ ಕೊನೆಯವರೆಗೆ ಹಾಳೆಯ ಪ್ರಕಾರ ನಡೆಯಲಿಲ್ಲ ಅನ್ನಿ.

“ದೂರ ಯಾಕೆ, ಕೊಡೇಕಲ್ಲಿನಲ್ಲೇ ಬೂದಿ ದಿಬ್ಬ ಇದೆಯಂತಲ್ಲ” ಎಂದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಲ್ಲಿ ಅಗೆದು ನೋಡಿದ್ದು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಕಾಯುತ್ತಿದ್ದವರು ಸಗಣಿ ಒಟ್ಟಿ ಸುಟ್ಟು ಬಿಟ್ಟ ಬೂದಿ. ಕಾಕಾ ನನ್ನನ್ನು ಮರುಕದಿಂದ ನೋಡಿದ. “ಬೂದಿ ನೋಡ್ಲಾಕ ಬೆಂಗಳೂರಿಂದ ಬಂದೀರೇನ್ರಿ?” ಹೆಂಡತಿಯೂ ಅವನ ಪಕ್ಷ ಸೇರಿದಳು. ಅವಳತ್ತೆ, ಅಂದರೆ ನಮ್ಮಮ್ಮ, ಅಷ್ಟು ಬೂದಿ ಕಂಡಿದ್ದರೆ ಊರಿನ ಪಾತ್ರೆಗಳನ್ನೆಲ್ಲ ಬೆಳಗಿಬಿಡುತ್ತಿದ್ದರಂತೆ. ಹುಣಸಗಿ ಪಕ್ಕದ ಇಸಾಂಪುರದಲ್ಲಿ ಸುಮಾರು ಹನ್ನೆರಡು ಲಕ್ಷ ವರ್ಷದ ಕಲ್ಲಿನ ಆಯುಧ ಸಿಕ್ಕಿವೆ ಎಂಬ ಮಾತನ್ನು ಆ ಸಭೆಯಲ್ಲಿ ಎತ್ತದೆ ನುಂಗಿಕೊಂಡೆ.

ಕಡೆಗೆ ಕಾಕಾನ ಒಪ್ಪಿಗೆ ಸಿಕ್ಕಿದ್ದು ರಾಜನಕೋಳೂರಿಗೆ. ಕಾರಣ ಇತಿಹಾಸವಲ್ಲ, ಅಲ್ಲಿ ನೆರಳಿದೆ ಎಂಬುದು. ಬೆಳಿಗ್ಗೆ ಅವನ ಪರಿಚಯದ ಟಂಟಂ ಬಂತು. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು ಹತ್ತಿತು. ಕಾಕಾನೂ ಹತ್ತಿದ.

ನೆರಳು ನಿಜವಾಗಿಯೂ ಇತ್ತು. ಬಯಲಿನಲ್ಲಿ ಹಾಸುಗಲ್ಲುಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದು ಬಂಡೆ ಹೊದಿಸಿದ ಕೋಣೆಗಳು. ಜನ ‘ಮೋರ್ಯರ ಮನೆ’ ಅನ್ನುತ್ತಿದ್ದರೆಂದು ಟೇಲರನೂ ಬರೆದಿದ್ದಾನೆ. ದೊಡ್ಡದೊಂದರಲ್ಲಿ ಮೇಕೆಗಳು ಮೊದಲೇ ವಾಸಕ್ಕಿದ್ದವು. ಮೇಕೆ ಕಾಯುವ ಮುದುಕ ಎರಡನ್ನು ಕಿವಿ ಹಿಡಿದು ಹೊರಗೆ ಎಳೆದು, “ಕೂಡ್ರಿ, ತಂಪದ” ಎಂದು ಜಾಗ ಮಾಡಿಕೊಟ್ಟ. ಹಿಕ್ಕೆ ಸರಿಸಿ ಕೂತೆವು. ಕಾಕಾ ಉಳ್ಳಾಗಡ್ಡಿಯನ್ನು ಹೆಬ್ಬಂಡೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿದ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ಕಲ್ಲು ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಹೊರಗೆ ಬಿಸಿಲು ಬಿಳಿಯಾಗಿ ನಿಂತಿತ್ತು.

“ಎಷ್ಟು ಚೆನ್ನಾಗಿದೆ ಮನೆ. ಯಾರಿದ್ದರಂತೆ ಇಲ್ಲಿ?” ಎಂದಳು ಹೆಂಡತಿ.

ಭಾಮೈದ ಮೊಬೈಲಿನಿಂದ ತಲೆ ಎತ್ತದೆ, “ಇದ್ದದ್ದಲ್ಲ ಅಕ್ಕ, ಹೂಳೋದಕ್ಕೆ. ಬೃಹತ್ ಶಿಲಾಯುಗದ ಗೋರಿ” ಎಂದ.

ಅವಳ ಕೈ ಒಂದು ಕ್ಷಣ ನಿಂತಿತು. “ತಿಂದಾದ ಮೇಲೆ ಹೇಳಬಾರದಾಗಿತ್ತಾ?” ಎಂದು ಇನ್ನೊಂದು ರೊಟ್ಟಿ ಮುರಿದಳು. ಅತ್ತ ಕಾಕಾ ಮೋರ್ಯರ ಮನೆಯಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಮೇಕೆಯೊಂದು ಮೆಲುಕು ಹಾಕುತ್ತಿತ್ತು. ಎಬ್ಬಿಸುವ ಮನಸ್ಸು ಯಾರಿಗೂ ಬರಲಿಲ್ಲ. ಸುರಪುರದ ಕೋಟೆಯೂ ಬೋನಾಳದ ಹಕ್ಕಿಗಳೂ ಆ ಸಂಜೆ ನಮ್ಮ ಕಾಟದಿಂದ ಪಾರಾದವು.

ಮರುದಿನ ಶಹಾಪುರದ ಬಸ್ಸು ಹತ್ತಿದ್ದು ಮಲಗಿದ ಬುದ್ಧನನ್ನು ನೋಡಲು. ಅಲ್ಲಿಯ ಗುಡ್ಡದ ಸಾಲು ದೂರದಿಂದ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಯಾವ ಕಡೆ ಕೂತರೆ ಕಾಣುತ್ತಾನೆ ಎಂದು ಭಾಮೈದ ಕೇಳಿದ್ದೇ ತಪ್ಪಾಯಿತು, ಬಸ್ಸು ಎರಡು ಪಕ್ಷವಾಯಿತು. ಹತ್ತಿಯ ಬೀಜದ ಚೀಲ ಹಿಡಿದವರು ಎಡಕ್ಕೆ ಅಂದರು. ಮಗಳ ಮನೆಗೆ ಹೊರಟಿದ್ದ ಅಜ್ಜಿ ಬಲಕ್ಕೆ ಅಂದರು. ನಾವು ಸೀಟು ಬದಲಾಯಿಸಿದಂತೆಲ್ಲ ರಸ್ತೆ ತಿರುಗಿತು. ತಲೆ ಎಲ್ಲಿ, ಎದೆ ಎಲ್ಲಿ ಎಂದು ಬಸ್ಸಿಗೆ ಬಸ್ಸೇ ಕಿಟಕಿಗೆ ಬಾಗಿರುವಾಗ ಅಡ್ಡ ಬಂದದ್ದು ಕಬ್ಬಿನ ಲಾರಿ. ಭಾಮೈದ ಫೋನು ಎತ್ತಿ ಹಿಡಿದೇ ಇದ್ದ. ಲಾರಿ ಸರಿಯಲಿಲ್ಲ.

ಕಂಡಕ್ಟರ್ ಅವನ ಹೆಗಲು ತಟ್ಟಿದ. “ಕೂಡ್ರಿ ಸರ, ಅವಸರ ಯಾಕ? ಮಲಗ್ಯಾನ ಅಂವ, ಎಲ್ಲಿಗೂ ಹೋಗಂಗಿಲ್ಲ. ಬರೂಮುಂದ ನೋಡ್ರಂತ.”