ದ್ವಿನೇತ್ರೆಯ ಸಂದರ್ಶನ

ಕುಂದಾಪುರದಿಂದ ದಕ್ಷಿಣಾಭಿಮುಖವಾಗಿ ಹೊರಟು, ಕುಂಭಾಶಿಯ ಆನೆಗುಡ್ಡೆ ವಿನಾಯಕನಿಗೆ ಬಸ್ಸಿನ ಕಿಟಕಿಯಿಂದಲೇ ಕೈಮುಗಿದು, ಕೋಟ ಬರುವುದಕ್ಕೆ ಮೊದಲೇ ಇಳಿದುಕೊಂಡವನಿಗೆ ದೊರೆಯುವ ಊರು ತೆಕ್ಕಟ್ಟೆ. ಅಲ್ಲಿಯ ಗೃಹಸ್ಥರೊಬ್ಬರು ತಂದೆಯ ಕಾಲದ ಸ್ಟುಡಿಯೋವನ್ನು ಮುಚ್ಚಿದ ತರುವಾಯ ಪುರಾತನ ಕ್ಯಾಮೆರಾಗಳ ಸಂಗ್ರಾಹಕರಾಗಿ, ವಿಮರ್ಶಕರಾಗಿ ಖ್ಯಾತಿವೆತ್ತಿದ್ದಾರೆಂದು ಕೇಳಿ ನಾನು ಅವರಲ್ಲಿಗೆ ಹೋದಾಗ, ಅವರು ಹಿತ್ತಿಲಿನಲ್ಲಿ ಕ್ಯಾಮೆರಾದ ಚರ್ಮದ ಚೀಲಗಳನ್ನು ಬಿಸಿಲಿಗೆ ಹರವುವ ಕಾರ್ಯದಲ್ಲಿ ಮಗ್ನರಾಗಿದ್ದುದರಿಂದ, ಚಾವಡಿಯ ಗಾಜಿನ ಕಪಾಟಿನಲ್ಲಿ ನುಸಿಗುಳಿಗೆಗಳ ಮಧ್ಯೆ ವಿರಾಜಿಸುತ್ತಿದ್ದ ಶ್ರೀಮತಿ ಯಾಶಿಕಾ ಮ್ಯಾಟ್ ೧೨೪ ಜಿ ಅವರೊಡನೆಯೇ ಸಂಭಾಷಣೆಗೆ ತೊಡಗಬೇಕಾಯಿತು.

ನಾನು: ಅಮ್ಮಾ, ಮೊದಲು ತಮ್ಮ ಕುಲಗೋತ್ರಗಳನ್ನು ಅರುಹಬೇಕು.

ಯಾಶಿಕಾ: ಜನ್ಮಭೂಮಿ ಜಪಾನು. ನಮ್ಮ ಮಾದರಿಯವರು ೧೯೭೦ರಿಂದ ೧೯೮೬ರವರೆಗೆ ಅವತರಿಸಿದೆವು. ಒಂದರ ಮೇಲೊಂದು ಕಣ್ಣಿಡುವ ಈ ವಿನ್ಯಾಸವನ್ನು ಲೋಕಪ್ರಸಿದ್ಧಗೊಳಿಸಿದ್ದು ೧೯೨೯ರಲ್ಲಿ ಜನಿಸಿದ ಜರ್ಮನಿಯ ರೋಲಿಫ್ಲೆಕ್ಸ್; ಅದನ್ನು ಕೊಳ್ಳಲು ಶಕ್ತರಲ್ಲದ ಸಣ್ಣ ಊರುಗಳ ಸ್ಟುಡಿಯೋಗಳಿಗೆ ಒದಗಿದವರು ನಾವು. ಮೇಲಿನ ಕಣ್ಣು ಕಾಣುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ, ನನ್ನ ನೆತ್ತಿಯ ಗಾಜನ್ನು ನೋಡಬೇಕು. ಫೋಟೋ ತೆಗೆಯುವವನು ತಮಗೇ ನಮಸ್ಕರಿಸುತ್ತಿದ್ದಾನೆಂದು ಭ್ರಮಿಸಿ ಮರುನಮಸ್ಕಾರ ಮಾಡಿ, ಚಿತ್ರದಲ್ಲಿ ಬರಿಯ ಮುಂಡಾಸಾಗಿ ಉಳಿದ ಹಿರಿಯರೂ ಉಂಟು.

ನಾನು: ಈಗ ತಮಗೆ ಸಲ್ಲುತ್ತಿರುವ ಗೌರವ ಅಸಾಧಾರಣವಲ್ಲವೆ?

ಯಾಶಿಕಾ: ಅಸಾಧಾರಣವೇ ಸರಿ. ಮೊನ್ನೆ ಬಂದ ವಿಮರ್ಶಕ ಮಹಾಶಯರೊಬ್ಬರು ನನ್ನ ತೂಕವನ್ನು ಅಂಗೈಯಲ್ಲಿ ಅಳೆದು, ಹಿಡಿಕೆಯನ್ನು ತಿರುಗಿಸಿ ಅದರ ಮಾರ್ದವವನ್ನು ಕೊಂಡಾಡಿ, ೮೦ ಮಿಲಿಮೀಟರಿನ ಯಾಶಿನಾನ್ ಮಸೂರಕ್ಕೆ ಟಾರ್ಚು ಹಿಡಿದು ಒಳಗಿನ ಧೂಳಿನ ಕಣಕಣಗಳನ್ನೂ ಲೆಕ್ಕ ಹಾಕಿ, ಒಂದು ದೀರ್ಘ ಪ್ರಬಂಧಕ್ಕೆ ಸಾಲುವಷ್ಟು ಟಿಪ್ಪಣಿ ಮಾಡಿಕೊಂಡು ಹೊರಟರು.

ನಾನು: ರೋಲು ಹಾಕಿ ಪರೀಕ್ಷಿಸಿದರೆ?

ಯಾಶಿಕಾ: ಎಂತಕ್ಕೆ ಮಾರಾಯ್ರೆ? ರೋಲು ಹಾಕಿದರೆ ಚಿತ್ರ ತೆಗೆಯಬೇಕಾಗುತ್ತದೆ. ಚಿತ್ರ ತೆಗೆದರೆ ದೋಷ ಕ್ಯಾಮೆರಾದ್ದೋ ಕೈಯದ್ದೋ ಎಂಬುದು ನಾಲ್ವರೆದುರು ಬಯಲಾಗುತ್ತದೆ. ಬೆಳಕನ್ನಳೆಯುವ ನನ್ನ ಮುಳ್ಳು ಅಲುಗಲಿಲ್ಲವೆಂದು ಮಾತ್ರ ಅವರು ಬಹಳ ನೊಂದರು. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿಯ ತಯಾರಿಕೆಯೇ ನಿಂತುಹೋಗಿದೆ. ನಮ್ಮ ಹಿರಿಯ ಯಜಮಾನರೋ, ಬ್ಯಾಟರಿ ಜೀವಂತವಾಗಿದ್ದಾಗಲೂ ಆ ಮುಳ್ಳಿನ ಕಡೆ ನೋಡಿದವರಲ್ಲ. ಅಂಗಳದ ನೆರಳನ್ನೊಮ್ಮೆ ನೋಡಿದರೆ ಅವರಿಗೆ ಸಾಕಾಗುತ್ತಿತ್ತು.

ನಾನು: ಕರಾವಳಿಯ ಹವೆ ತಮ್ಮ ದೇಹಪ್ರಕೃತಿಗೆ ಒಗ್ಗಿದೆಯೆ?

ಯಾಶಿಕಾ: ಮಳೆಗಾಲವೆಂದರೆ ನಮಗೆ ಫಂಗಸ್ಸಿನ ಕಾಲ. ಗಾಜಿನ ಮೇಲೆ ಬೂಷ್ಟು ಎಳೆಯೆಳೆಯಾಗಿ ಹಬ್ಬಿ, ಬಹುಕಾಲ ಬಿಟ್ಟರೆ ಮಸೂರದ ಲೇಪವನ್ನೇ ತಿಂದುಹಾಕುತ್ತದೆ. ಅದಕ್ಕೆ ತವರುಮನೆ ಯಾವುದೆಂದು ಬಲ್ಲಿರಾ? ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ಆ ಚರ್ಮದ ಚೀಲ. ಕ್ಯಾಮೆರಾ ಬಾಳಬೇಕಾದರೆ ಮೊದಲು ಚೀಲವನ್ನು ದೂರ ಮಾಡಬೇಕು. ಆದರೆ ಮೂಲ ಚೀಲವಿಲ್ಲದ ಕ್ಯಾಮೆರಾಕ್ಕೆ ಸಂಗ್ರಾಹಕರ ಸಭೆಯಲ್ಲಿ ಮರ್ಯಾದೆಯಿಲ್ಲ. ಆದುದರಿಂದ ರೋಗವನ್ನು ಬಿಸಿಲಿಗೆ ಒಣಗಿಸಿ, ಎಣ್ಣೆ ಹಚ್ಚಿ, ರೋಗಿಯೊಡನೆಯೇ ಮಲಗಿಸುವ ಚಿಕಿತ್ಸೆ ಇಲ್ಲಿ ನಡೆದಿದೆ.

ನಾನು: ತಾರುಣ್ಯದ ದಿನಗಳು ನೆನಪಾಗುವುದುಂಟೆ?

ಯಾಶಿಕಾ: ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಕ್ಕೆ ಯಜಮಾನರು ನನ್ನನ್ನು ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದರು. ೧೨೦ರ ರೋಲಿನಲ್ಲಿ ಚಿತ್ರಗಳು ೧೨ ಮಾತ್ರ. ಕೇದಗೆ ಮುಂದಲೆಯ ಅಭಿಮನ್ಯುವಿಗೆ ಒಂದನ್ನು ಹೆಚ್ಚು ಖರ್ಚು ಮಾಡಿದರೆ ಬೆಳಗಿನ ಜಾವದ ಬಣ್ಣದ ವೇಷಕ್ಕೆ ಉಳಿಯದೆ ಹೋಗಬಹುದು. ಹೀಗಾಗಿ ಪ್ರಸಂಗದ ನಡೆಯನ್ನು ಭಾಗವತರಷ್ಟೇ ಬಲ್ಲವರಾಗಿ, ಚಂಡೆಯ ಪೆಟ್ಟು ಎಲ್ಲಿ ಏರುತ್ತದೆ, ವೇಷಧಾರಿ ಎಲ್ಲಿ ಮಂಡಿ ಹಾಕುತ್ತಾನೆ ಎಂಬುದನ್ನು ಮೊದಲೇ ಊಹಿಸಿ, ಬೆರಳನ್ನು ಗುಂಡಿಯ ಮೇಲಿರಿಸಿಕೊಂಡು ಅವರು ಕಾಯುತ್ತಿದ್ದರು. ಹಗಲಿನಲ್ಲಿ ಬೊಂಬಾಯಿಯ ಹೋಟೆಲಿಗೆ ಹೊರಟ ಹುಡುಗರು, ಜಾತಕದೊಡನೆ ಕಳಿಸಬೇಕಾದ ಕನ್ಯೆಯರು, ಮೊಮ್ಮಕ್ಕಳ ಬಲವಂತಕ್ಕೆ ಸ್ಟೂಲು ಹತ್ತಿ ಕುಳಿತ ಮುದುಕಿಯರು — ಇವರೆಲ್ಲ ಈ ಕೆಳಗಿನ ಕಣ್ಣಿನಿಂದಲೇ ಒಳಹೊಕ್ಕವರು.

ನಾನು: ಆ ನೆಗೆಟಿವುಗಳು ಈಗ ಯಾವ ಕಪಾಟಿನಲ್ಲಿವೆ?

ಯಾಶಿಕಾ: (ಸ್ವಲ್ಪ ತಡೆದು) ನೆಗೆಟಿವಿನಲ್ಲಿ ಬೆಳ್ಳಿಯಿರುತ್ತದೆ, ಸ್ವಾಮೀ. ಸ್ಟುಡಿಯೋ ಮುಚ್ಚಿದಾಗ ಅವನ್ನು ಮೂಟೆ ಕಟ್ಟಿ ಗುಜರಿಯವನಿಗೆ ತೂಕಕ್ಕೆ ಕೊಟ್ಟರು. ಬಂದ ಹಣಕ್ಕೆ ಈ ಗಾಜಿನ ಕಪಾಟನ್ನು ಮಾಡಿಸಿದರು.

ನಾನು: ಆದರೂ ಯಂತ್ರದ ಮಹಿಮೆಯನ್ನು ಅಲ್ಲಗಳೆಯಲಾದೀತೆ?

ಯಾಶಿಕಾ: ನೆರೆಯ ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಡೊಮಿಂಗೊ’ ಎಂಬ ಮೂಕಚಿತ್ರವನ್ನು ನಿರ್ಮಿಸಿದರಷ್ಟೆ. ಅದನ್ನು ಯಾವ ಕ್ಯಾಮೆರಾದಲ್ಲಿ ತೆಗೆದರೆಂದು ಇಲ್ಲಿಗೆ ಬರುವ ರಸಿಕರು ವಿಚಾರಿಸುತ್ತಾರೆ. ಅದರಲ್ಲಿ ಏನಿತ್ತೆಂದು ಇದುವರೆಗೆ ನನ್ನೆದುರು ಒಬ್ಬರೂ ಕೇಳಿಲ್ಲ.

ಅಷ್ಟರಲ್ಲಿ ಗೃಹಸ್ಥರು ಕಿವಿಗೆ ಮೊಬೈಲು ಒತ್ತಿಕೊಂಡು ಒಳಬಂದರು. ಬೆಂಗಳೂರಿನ ಗಿರಾಕಿಯೊಬ್ಬರಿಗೆ ಶಟರಿನ ಸದ್ದನ್ನು ಕೇಳಿಸಬೇಕಾಗಿತ್ತಂತೆ. ಕಪಾಟಿನ ಬಾಗಿಲು ತೆರೆದು ಶ್ರೀಮತಿಯವರನ್ನು ಹೊರತೆಗೆದು, ಮೊಬೈಲನ್ನು ಅವರ ಮುಖದ ಸಮೀಪ ಹಿಡಿದು, ಒಂದು ಸೆಕೆಂಡಿನ ವೇಗಕ್ಕೆ ಹೊಂದಿಸಿ ಗುಂಡಿಯೊತ್ತಿದರು. ಹಳೆಯ ಎಣ್ಣೆ ಜಿಡ್ಡುಗಟ್ಟಿದ್ದ ಕಾರಣ ಆ ಒಂದು ಸೆಕೆಂಡು ಝಿರ್ರೆಂದು ರಾಗವೆಳೆಯುತ್ತ ಮೂರಕ್ಕೆ ಬಂದು ಮುಗಿಯಿತು. ಆ ಕಡೆಯಿಂದ ‘ಒನ್ಸ್ ಮೋರ್’ ಎಂಬ ಕೂಗು ಕೇಳಿಬಂತು.