ಜರಿಪಂಚೆಯ ಗೋಡೆ

ಗೋಕುಲಂನಲ್ಲಿ ಸ್ವಂತ ಮನೆಯಿದ್ದವರಿಗೆ ಗೋಡೆ ಒಡೆಸುವ ಚಟ ಹತ್ತಿಸಿದವರು ಬಾಡಿಗೆದಾರರು. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇತ್ತ ಬಂದ ಮೇಲೆ, ಮಹಡಿ ಮನೆ ಕೇಳಿಕೊಂಡು ಬರುವ ಪರದೇಶದವರಿಗೆಲ್ಲ ಬೇಕಾದದ್ದು ಬರೀ ಖಾಲಿ ಜಾಗ. ನಮ್ಮ ಮಹಡಿಯಲ್ಲಿದ್ದಾಕೆ ಎರಡಡಿ ಅಗಲದ ಮ್ಯಾಟ್ ಹಾಸಿದರೆ ಅದೇ ಸಾಧನೆಯ ಕೋಣೆ, ಸುತ್ತಿಟ್ಟರೆ ಹಾಲು. ನೋಡಿ ನೋಡಿ ನನಗೂ ಜ್ಞಾನೋದಯವಾಗಿ, ಕೆಳಗಿನ ಹಾಲು, ಊಟದ ಮನೆ, ಅಡುಗೆಮನೆ ಮೂರನ್ನೂ ಒಂದು ಮಾಡಿಸಿದೆ. ಕಂಬದ ಮೇಲೆ ಚಾವಣಿ ಕೂರಿಸಿ ಗೋಡೆಗೆ ಭಾರದಿಂದ ಬಿಡುಗಡೆ ಕೊಡುವ ನಕ್ಷೆಯನ್ನು ಲ ಕಾರ್ಬೂಸಿಯೇ 1914ರಲ್ಲೇ ಬರೆದಿದ್ದ. ನಮ್ಮ ಮನೆಗೆ ಆ ಸುದ್ದಿ ಮುಟ್ಟಿರಲಿಲ್ಲ; ಒಂಬತ್ತಿಂಚಿನ ಇಟ್ಟಿಗೆ ಗೋಡೆಯೇ ತಾರಸಿ ಹೊತ್ತಿತ್ತು. ಮೇಸ್ತ್ರಿ ಜಾಕಿ ಕೊಟ್ಟು, ಕಬ್ಬಿಣದ ತೊಲೆ ಏರಿಸಿ, ನನ್ನ ಪಿಎಫ್ ಇಳಿಸಿದ.

ಗೋಡೆ ಬಿದ್ದ ಮೇಲೆ ಗೋಡೆ ಬೇಕೆನ್ನಿಸಿತು. ಕೊರಿಯರ್ ಹುಡುಗನಿಗೂ ಬಾಗಿಲಲ್ಲೇ ನಮ್ಮ ಮುಸುರೆ ಪಾತ್ರೆಗಳ ದರ್ಶನ. ಇಂಟೀರಿಯರ್ ಹುಡುಗಿ ಬಂದು, “ಕಾರ್ಪೆಟ್ ಹಾಕಿ ಅಂಕಲ್, ಕಣ್ಣಿಗೆ ಅದೇ ಒಂದು ರೂಮು” ಎಂದಳು. ಹೇಳಿದ್ದಕ್ಕೆ ಫೀಸನ್ನೂ ತೆಗೆದುಕೊಂಡಳು. ಮಹಡಿಯಾಕೆಯ ಮ್ಯಾಟನ್ನು ಬೆಕ್ಕೂ ತುಳಿಯುವುದಿಲ್ಲ; ನನ್ನ ಕಾರ್ಪೆಟ್ಟಿನ ಮೇಲೆ ಮಾವನವರು ಅವರೆಕಾಯಿ ಸುಲಿದರು. ಪುಸ್ತಕದ ಶೆಲ್ಫ್ ಅಡ್ಡ ನಿಲ್ಲಿಸಿದರೆ, ಈಚೆಯಿಂದ ಪುಸ್ತಕ ಎಳೆದಾಗ ಆಚೆ ಮಗನ ಮುಖ. ಜಾಲಿ ಮಾಡಿಸೋಣವೆಂದೆ. ಧೂಳು ಒರೆಸುವವರು ಯಾರು ಎಂದು ಹೆಂಡತಿ ಕೇಳಿದಳು, ಅಲ್ಲಿಗೆ ಆ ಮಾತು ಮುಗಿಯಿತು. ಬ್ರನೋ ಊರಿನ ಟುಗೆಂಡ್‌ಹಾಟ್ ಮನೆಯಲ್ಲಿ ಮೀಸ್ ವಾನ್ ಡೆರ್ ರೋಹೆ 1930ರ ಹೊತ್ತಿಗೆ ವಿಶಾಲ ಹಾಲಿನ ನಡುವೆ ಓನಿಕ್ಸ್ ಕಲ್ಲಿನ ಒಂದು ಗೋಡೆ ನಿಲ್ಲಿಸಿ, ಓದುವ ಜಾಗ ಬೇರೆ ಮಾಡಿದ. ಜಗತ್ತೇ ಹೊಗಳಿತು. ಪುಣ್ಯಾತ್ಮ ಅಡುಗೆಮನೆಯನ್ನು ಮಾತ್ರ ಹಾಲಿಗೆ ಸೇರಿಸದೆ ಬೇರೆಯೇ ಇಟ್ಟಿದ್ದ; ಆ ಜಾಣತನವನ್ನು ಯಾರೂ ನನಗೆ ಹೇಳಲಿಲ್ಲ.

ಕೊನೆಗೆ ಪರದೆಯೇ ಸೈ ಎಂದಾಯಿತು. ರಾಡ್ ಹಾಕುವವನು “ನಾಳೆ ಬತ್ತೀನಿ ಸಾರ್” ಎಂದು ಹೋದ ದಿನವೇ ಪುಣೆಯ ದೊಡ್ಡ ಸಾಹೇಬರ ಜೊತೆ ವಿಡಿಯೊ ಮೀಟಿಂಗು. ನನ್ನ ಬೆನ್ನ ಹಿಂದೆ ಅಮ್ಮನ ಒಲೆ. ಬಾಮೈದನೂ ಮಗನೂ ನನ್ನ ಮದುವೆಯ ಜರಿಪಂಚೆಯ ಎರಡು ತುದಿ ಹಿಡಿದು ಹಿಂದೆ ನಿಂತರು. ಕ್ಯಾಮೆರಾದಲ್ಲಿ ಕೆನೆಬಣ್ಣದ, ಜರಿ ಅಂಚಿನ ಸೊಗಸಾದ ಗೋಡೆ! ಆಗಾಗ ನಡುಗುತ್ತಿತ್ತು, ಸಾಹೇಬರು ನೆಟ್‌ವರ್ಕಿನ ತೊಂದರೆ ಎಂದುಕೊಂಡರು. ಮಗ “ಅಪ್ಪಾ, ಕೈ ನೋಯ್ತಿದೆ” ಎಂದ. “ಇನ್ನೊಂದು ಸ್ಲೈಡ್ ಕಣೋ” ಎಂದು ಹಲ್ಲು ಕಚ್ಚಿ ಹೇಳಿದೆ. ಅಡ್ಡ ಹಿಡಿದ ಪಂಚೆ, ಈಚೆ ಕೋಟು ತೊಟ್ಟ ಅಳಿಯ: ಮಾವನವರು ಎಷ್ಟು ಹೊತ್ತೆಂದು ತಡೆದುಕೊಂಡಾರು? ಅವರೆಕಾಯಿ ಬಿಟ್ಟು, ಕಂಠವೆತ್ತಿ, “ಸುಮುಹೂರ್ತೇ ಸಾವಧಾನ!” ಎಂದುಬಿಟ್ಟರು.

ಬಾಮೈದ ಎಷ್ಟು ಮದುವೆಗಳಲ್ಲಿ ಅಂತಃಪಟ ಹಿಡಿದವನೋ, ಕೈ ತಾನಾಗಿ ಸಡಿಲಿತು. ಗೋಡೆ ಜಾರಿತು. ಹಿಂದೆ ಬಾಣಲೆ, ಹೊಗೆ, ಹೊಗೆಯ ನಡುವೆ ಅಮ್ಮ. ಅಮ್ಮನ ಮುಷ್ಟಿಯಲ್ಲಿ ಜೀರಿಗೆ. ಪಟ ಸರಿದ ಮೇಲೆ ತಲೆಗೆ ಬೀಳಬೇಕಾದ ಜೀರಿಗೆ-ಬೆಲ್ಲದಲ್ಲಿ ಬೆಲ್ಲವೊಂದು ಕಡಿಮೆ. ಅಷ್ಟರಲ್ಲಿ ಗುಂಟೂರು ಮೆಣಸಿನಕಾಯಿ ಎಣ್ಣೆಗೆ ಬಿದ್ದು, ಘಾಟು ಏರಿ, ಕ್ವಾರ್ಟರಿನ ಟಾರ್ಗೆಟ್ಟನ್ನು ನಾನು ಸೀನುಗಳ ನಡುವೆ ಒಪ್ಪಿಸಿದೆ. ಸಾಹೇಬರು ಅಚ್ಚ ಮರಾಠಿಗರು. ಅವರ ಮದುವೆಗಳಲ್ಲೂ ಇದೇ ಪಟ, ಇದೇ ಸಾವಧಾನ. ಅಕ್ಷತೆ ಹಾಕಲು ಅವರ ಬಲಗೈ ಅರ್ಧ ಮೇಲೆದ್ದಿದ್ದನ್ನು ನಾನೇ ಕಂಡೆ. ಆಮೇಲೆ ನಕ್ಕರು ನೋಡಿ, ಪುಣೆಯ ಆಫೀಸೆಲ್ಲ ನಕ್ಕಿತು. ಅಮ್ಮನೂ ಸೌಟು ಹಿಡಿದೇ ನಕ್ಕಳು.

ಅಪ್ಪನಿದ್ದಾಗ ಸ್ನೇಹಿತರು ಬಂದು ಹಾಲಿನಲ್ಲಿ ಹೀಗೇ ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮ ಗೋಡೆಯಾಚೆಯಿಂದ ಕಾಫಿ ತಟ್ಟೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ರಾತ್ರಿ ಊಟಕ್ಕೆ ಬಡಿಸುವಾಗ, “ಯಾಕೋ ಅಷ್ಟು ನಕ್ಕಿದ್ದು ಅವರೆಲ್ಲ?” ಎಂದು ಕೇಳುವಳು. ನನಗೆ ಮರೆತೇ ಹೋಗಿರುತ್ತಿತ್ತು.

ಮಾರನೆಯ ದಿನ ರಾಡಿನವನು ಬಂದ. ಮಾತಿನಂತೆ ಬಂದದ್ದು ನಮ್ಮೆಲ್ಲರಿಗೂ ಆಶ್ಚರ್ಯ. “ಎಲ್ಲಿಗೆ ಹಾಕ್ಲಿ ಅಮ್ಮಾ?” ಎಂದ. “ದೇವರ ಮೂಲೆಗೆ ಹಾಕಪ್ಪ, ನೈವೇದ್ಯಕ್ಕೆ ಬೇಕು. ನನ್ನ ಕಡೆ ಬೇಡ” ಎಂದಳು ಅಮ್ಮ. ಹೀಗಾಗಿ ನನ್ನ ಮೀಟಿಂಗುಗಳೆಲ್ಲ ಈಗ ಬಚ್ಚಲ ಪಕ್ಕದ ಉಗ್ರಾಣದಲ್ಲಿ, ಅಕ್ಕಿ ಮೂಟೆಯ ಮೇಲೆ ಕೂತು. ನಾಲ್ಕು ಗೋಡೆ ಪೂರ್ತಿ ಉಳಿದಿರುವ ಜಾಗ ಅದೇ. ಸಾಹೇಬರು ಮಾತ್ರ ಲೆಕ್ಕ ಕೇಳುವ ಮೊದಲು, “ಆಯಿ ಎಲ್ಲಿ, ಕಾಣಿಸುತ್ತಿಲ್ಲವಲ್ಲ?” ಎನ್ನುತ್ತಾರೆ.